ನೀರು ಹಾಕದೆ ಅರೆದ ಒಂದು ಕಿಲೋ ಶುಂಠಿ ಬೆಳ್ಳುಳ್ಳಿ ಪೇಸ್ಟ್

ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಮೈಸೂರು ಸೀಮೆಯಲ್ಲಿ ಮಾಂಸ ತಿನ್ನುವ ಮನೆಗಳಲ್ಲಿ ಅವತ್ತು ಮಟನ್ ಆಗಲೇಬೇಕು. ಬೆಳಗಿನ ಜಾವಕ್ಕೇ ಅಂಗಡಿ ಮುಂದೆ ಜನ ಸಾಲು ನಿಂತಿರುತ್ತಾರೆ. ಮಾಂಸ ಮನೆಗೆ ಬರುವ ಹೊತ್ತಿಗೆ ಅರೆಯುವ ಕೆಲಸ ಮುಗಿದಿದ್ದರೆ ಅಡುಗೆಮನೆಯಲ್ಲಿ ಎಷ್ಟೋ ನೆಮ್ಮದಿ. ಅದಕ್ಕೇ ಹಬ್ಬಕ್ಕೆ ಮೊದಲೇ ಹೆಚ್ಚುಕಡಿಮೆ ಒಂದು ಕಿಲೋ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಮಾಡಿಟ್ಟುಕೊಂಡೆ. ಹೊಸತೊಡಕಿಗೆ ಬೇಕಾದದ್ದು ಅದರಲ್ಲಿ ಸ್ವಲ್ಪ. ಉಳಿದದ್ದು ಮುಂದಿನ ವಾರಗಳ ಕುರ್ಮಾ, ಪಲಾವ್, ಕೋಳಿ ಸಾರಿಗೆ.

ಈ ಸಲ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಜಾರಿಗೆ ಒಂದು ಹನಿ ನೀರೂ ಬೀಳಬಾರದು.

ನೀರು ಹಾಕಿದರೆ ಅರೆಯುವುದೇನೋ ಸಲೀಸು, ಒಂದೇ ನಿಮಿಷದಲ್ಲಿ ನುಣ್ಣಗಾಗುತ್ತದೆ. ಆದರೆ ಆ ಪೇಸ್ಟನ್ನು ಬಿಸಿ ಎಣ್ಣೆಗೆ ಹಾಕಿದ ಕೂಡಲೇ ಚಟಪಟ ಸಿಡಿಯುತ್ತದೆ. ನೀರು ಆರುವ ತನಕ ಅದು ಬೇಯುತ್ತಾ ಇರುತ್ತದೆಯೇ ಹೊರತು ಹುರಿಯುವುದಿಲ್ಲ. ಹಸಿ ವಾಸನೆ ಹೋಗುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮೊದಲೇ ಹಾಕಿದ ಈರುಳ್ಳಿ ಮೆತ್ತಗಾಗಿ ಕೂತಿರುತ್ತದೆ. ಫ್ರೀಜರಿನಲ್ಲಿಟ್ಟರೆ ಆ ನೀರೇ ಹರಳುಗಟ್ಟುತ್ತದೆ, ಕರಗಿಸಿದಾಗ ಪೇಸ್ಟ್ ಒಂದು ಕಡೆ, ನೀರು ಒಂದು ಕಡೆ. ಫ್ರಿಜ್ಜಿನಲ್ಲಿಟ್ಟರೂ ಬೇಗ ಕೆಡುತ್ತದೆ.

ಇಷ್ಟಕ್ಕೂ ಹಸಿ ಶುಂಠಿಯ ತೂಕದಲ್ಲಿ ನೂರಕ್ಕೆ 79ರಷ್ಟು ನೀರೇ. ಬೆಳ್ಳುಳ್ಳಿಯಲ್ಲಿ ಸುಮಾರು 59ರಷ್ಟು. ಬೇಕಾದ ನೀರು ಒಳಗೇ ಇದೆ, ಅದನ್ನು ಹೊರಗೆ ತರುವ ದಾರಿ ಗೊತ್ತಿದ್ದರೆ ಸಾಕು.

ಕೊಂಡು ತಂದದ್ದು

ದೇವರಾಜ ಮಾರುಕಟ್ಟೆಯಿಂದ 600 ಗ್ರಾಂ ಬೆಳ್ಳುಳ್ಳಿ, 500 ಗ್ರಾಂ ಶುಂಠಿ ತಂದೆ. ಬಿಡಿಸಿ, ಹೆರೆದು, ಕೆಟ್ಟದ್ದನ್ನು ತೆಗೆದ ಮೇಲೆ ಬೆಳ್ಳುಳ್ಳಿ 500 ಗ್ರಾಂ, ಶುಂಠಿ 400 ಗ್ರಾಂ ಸಿಗಬೇಕು ಅನ್ನುವ ಲೆಕ್ಕ.

ಐದಕ್ಕೆ ನಾಲ್ಕು ಅನ್ನುವ ಈ ಪ್ರಮಾಣ ಮಟನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದು. ಎಣ್ಣೆಯಲ್ಲಿ ಹುರಿದಾಗ ಬೆಳ್ಳುಳ್ಳಿ ಸಿಹಿಗೆ ತಿರುಗುತ್ತದೆ, ಸಾರಿಗೆ ಮೈ ಕೊಡುತ್ತದೆ. ಶುಂಠಿ ಖಾರವಾಗೇ ಉಳಿಯುತ್ತದೆ. ಜಾಸ್ತಿಯಾದರೆ ಗಂಟಲಲ್ಲಿ ಒಗರು ನಿಲ್ಲುತ್ತದೆ. ಬರೀ ತರಕಾರಿ ಅಡುಗೆಗೆ ಮಾಡುವುದಾದರೆ ಸಮ ಸಮ ಹಾಕಿ, ಚೆನ್ನಾಗಿರುತ್ತದೆ. ಒಂದು ಮಾತು ಮಾತ್ರ: ಪ್ರಮಾಣ ಯಾವುದೇ ಇರಲಿ, ತೂಕ ಮಾಡಿ. ಬಟ್ಟಲಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದಪ್ಪ ಎಸಳಿನ ಬೆಳ್ಳುಳ್ಳಿ ಒಂದು ಬಟ್ಟಲಲ್ಲಿ ಎಷ್ಟು ಹಿಡಿಯುತ್ತದೋ ಸಣ್ಣ ಎಸಳಿನದು ಅಷ್ಟೇ ಹಿಡಿಯುವುದಿಲ್ಲ.

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಶುಂಠಿ ಬೆಳೆಯುವುದು ಜಾಸ್ತಿ. ಕೇರಳದ ಬೆಳೆಗಾರರು ಇಲ್ಲಿ ಜಮೀನು ಗುತ್ತಿಗೆ ಹಿಡಿದು ಬೆಳೆಯುವುದೂ ಉಂಟು. ಯುಗಾದಿ ಹೊತ್ತಿಗೆ ಸಿಗುವುದು ಪೂರ್ತಿ ಬಲಿತ ಶುಂಠಿ. ನಾಟಿ ಮಾಡಿ ಎಂಟು ಒಂಬತ್ತು ತಿಂಗಳಾದದ್ದು. ಖಾರವೂ ಜಾಸ್ತಿ, ನಾರೂ ಜಾಸ್ತಿ. ಪೇಸ್ಟಿಗೆ ನಾರು ಕಡಿಮೆ ಇರುವ ಎಳೆ ಶುಂಠಿ ಸುಲಭ, ಆದರೆ ಅದರಲ್ಲಿ ಈ ಖಾರ ಇರುವುದಿಲ್ಲ. ನನಗೆ ಬಲಿತದ್ದೇ ಇಷ್ಟ. ಕೊಂಬನ್ನು ಮುರಿದು ನೋಡಿ ಆರಿಸಿದೆ. ಫಟ್ಟನೆ ಮುರಿದು ಒಳಗೆ ರಸ ಮಿನುಗಿದರೆ ಒಳ್ಳೆಯದು. ಬಗ್ಗಿ, ನಾರು ಕಚ್ಚಿಕೊಂಡು, ಮುರಿಯಲು ಸತಾಯಿಸಿದರೆ ಅದು ಒಣಗಲು ಶುರುವಾದ ಶುಂಠಿ. ನೀರಿಲ್ಲದೆ ಅರೆಯುವ ಈ ಕೆಲಸಕ್ಕೆ ಅದು ಆಗಿಬರುವುದಿಲ್ಲ.

ಬೆಳ್ಳುಳ್ಳಿ ಹೊಸ ಬೆಳೆಯದು. ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆಯ ಹೊಸ ಬೆಳ್ಳುಳ್ಳಿ ಈ ತಿಂಗಳುಗಳಲ್ಲೇ ಬರಲು ಶುರುವಾಗುತ್ತದೆ. ಇದರಿಂದ ಒಂದು ದೊಡ್ಡ ಲಾಭ ಇದೆ. ಮುಂದೆ ಹಸಿರು ಬಣ್ಣದ ವಿಷಯ ಬಂದಾಗ ಹೇಳುತ್ತೇನೆ. ತೊಂದರೆ ಏನೆಂದರೆ ಹೊಸದರ ಸಿಪ್ಪೆ ಇನ್ನೂ ಹಸಿ, ಎಸಳಿಗೆ ಅಂಟಿಕೊಂಡಿರುತ್ತದೆ.

ಇವೆರಡರ ಜೊತೆಗೆ 25 ಗ್ರಾಂ ಉಪ್ಪು, 40 ಮಿಲಿಲೀಟರ್ ಕಡಲೆಕಾಯಿ ಎಣ್ಣೆ, ಅರ್ಧ ಚಮಚ ಅರಿಶಿನ. ಕೊಬ್ಬರಿ ಎಣ್ಣೆ ಬೇಡ. ಫ್ರಿಜ್ಜಿನಲ್ಲಿ ಅದು ಗಟ್ಟಿಯಾಗಿ ಚಮಚಕ್ಕೆ ಬರುವುದಿಲ್ಲ.

ಮೊದಲು ಜಾರ್ ನೋಡಿಕೊಳ್ಳಿ

ನೀರಿಲ್ಲದ ಮಸಾಲೆ ಮಿಕ್ಸಿಗೆ ಭಾರ. ಅದಕ್ಕೇ ಅರೆಯುವ ಹಿಂದಿನ ದಿನವೇ ಮಿಕ್ಸಿಯನ್ನು ಇಳಿಸಿ ನೋಡಿದೆ. ನಮ್ಮದು 750 ವ್ಯಾಟಿನದು. ಪೇಸ್ಟಿಗೆ ದೊಡ್ಡ ಜಾರ್ ಬೇಡ, ಚಟ್ನಿ ಜಾರೇ ಸರಿ. ದೊಡ್ಡ ಜಾರಿನಲ್ಲಿ ಸ್ವಲ್ಪ ಹಾಕಿದರೆ ಎಲ್ಲ ಗೋಡೆಗೆ ಹಾರಿ ಅಂಟಿಕೊಳ್ಳುತ್ತದೆ, ಬ್ಲೇಡ್ ಖಾಲಿ ತಿರುಗುತ್ತದೆ. ಚಟ್ನಿ ಜಾರಿನ ತಳ ಚಿಕ್ಕದು. ಬ್ಲೇಡ್ ಹೆಚ್ಚುಕಡಿಮೆ ಅಂಚಿನ ತನಕ ಮುಟ್ಟುತ್ತದೆ.

ಜಾರಿಗೆ ಅರ್ಧ ನೀರು ತುಂಬಿ ಹಳೆ ಪೇಪರಿನ ಮೇಲೆ ಇಟ್ಟೆ. ಹತ್ತು ನಿಮಿಷ ಬಿಟ್ಟು ಎತ್ತಿ ನೋಡಿದರೆ ಪೇಪರ್ ಒದ್ದೆ. ಬ್ಲೇಡಿನ ಕೆಳಗೆ ಬಟ್ಟೆ ಹಾಕಿ ಒರೆಸಿದಾಗ ಕಪ್ಪು ಜಿಡ್ಡು ಬಂತು. ಅಂದರೆ ಬುಷ್ ಸವೆದಿದೆ. ಬ್ಲೇಡಿನ ಕಡ್ಡಿ ಕೂರುವ ಜಾಗದಲ್ಲಿರುವ ಚಿಕ್ಕ ಉಂಗುರ ಅದು. ಅದು ಸವೆದರೆ ಮೇಲಿನ ರಸ ಕೆಳಗೆ ಇಳಿಯುತ್ತದೆ, ಕೆಳಗಿನ ಜಿಡ್ಡು ಮೇಲಕ್ಕೆ ಹತ್ತುತ್ತದೆ. ಚಟ್ನಿ ಮಾಡುವಾಗ ಗಮನಕ್ಕೇ ಬರುವುದಿಲ್ಲ. ಗಟ್ಟಿ ಮಸಾಲೆಯನ್ನು ಹೊತ್ತುಗಟ್ಟಲೆ ತಿರುಗಿಸಿದಾಗ ತಳದ ಪೇಸ್ಟ್ ಬೂದಿ ಬಣ್ಣಕ್ಕೆ ತಿರುಗುವುದು ಇದರಿಂದಲೇ. ಬ್ಲೇಡನ್ನು ಬಟ್ಟೆಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲೊಡಬಡ ಅಂದರೆ ಅದೇ ಕಾಯಿಲೆ.

ನಮ್ಮ ಬೀದಿ ಕೊನೆಯ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಬುಷ್ ಬದಲಿಸಿಕೊಟ್ಟರು. ಬ್ಲೇಡ್ ಬಿಚ್ಚಿದಾಗ ಅದರ ಅಡಿಯಲ್ಲಿ ಹಳೆಯ ಶುಂಠಿ ನಾರು ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಬುಷ್ ಸವೆಯುವುದಕ್ಕೆ ಆ ನಾರೂ ಒಂದು ಕಾರಣ ಅಂತ ಅಂಗಡಿಯವರು ಹೇಳಿದರು. ಅಡಿಯಲ್ಲಿರುವ ರಬ್ಬರ್ ಕಪ್ಲರಿನ ಹಲ್ಲುಗಳೂ ಸವೆದಿದ್ದವು, ಅದನ್ನೂ ಹಾಕಿಸಿಕೊಂಡೆ. ಹಲ್ಲು ಸವೆದಿದ್ದರೆ ಮೋಟಾರ್ ಜೋರಾಗಿ ತಿರುಗಿದರೂ ಭಾರ ಬಿದ್ದಾಗ ಬ್ಲೇಡ್ ಜಾರುತ್ತದೆ. ನೀರು ಹಾಕದೆ ಮಿಕ್ಸಿ ತಿರುಗುವುದೇ ಇಲ್ಲ ಅನ್ನುವ ದೂರು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಒಮ್ಮೆ ಈ ಕಪ್ಲರನ್ನು ನೋಡಿ ಅಂತ ಹೇಳಬೇಕು ಅನಿಸುತ್ತದೆ.

ಬಿಡಿಸುವುದು, ಹೆರೆಯುವುದು

ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಇಲ್ಲೇ. ಬೆಚ್ಚನೆ ನೀರಿನಲ್ಲಿ ನೆನೆಸಿದರೆ ಬೆಳ್ಳುಳ್ಳಿ ಸಿಪ್ಪೆ ಸಲೀಸಾಗಿ ಬರುತ್ತದೆ. ಆದರೆ ಎಸಳು ನೀರು ಕುಡಿಯುತ್ತದೆ. ನಾವು ಬೇಡ ಅಂದ ನೀರು ಹಿಂಬಾಗಿಲಿಂದ ಒಳಗೆ ಬಂದ ಹಾಗಾಯಿತು, ಅಲ್ವಾ? ಹಾಗಾಗಿ ಹಳೆಯ ಕ್ರಮವನ್ನೇ ಹಿಡಿದೆ. ಗೆಡ್ಡೆ ಒಡೆದು ಎಸಳು ಬೇರೆ ಮಾಡಿ, ಅರ್ಧ ಚಮಚ ಎಣ್ಣೆ ಸವರಿ, ಮೊರದಲ್ಲಿ ಹರಡಿ ಬಿಸಿಲಿಗಿಟ್ಟೆ. ಯುಗಾದಿ ಬಿಸಿಲಿಗೆ ಒಂದು ಗಂಟೆ ಸಾಕು, ಸಿಪ್ಪೆ ಗರಿಗರಿ ಆಗಿ ಎಸಳು ಬಿಟ್ಟು ಎದ್ದು ನಿಲ್ಲುತ್ತದೆ. ಆಮೇಲೆ ಒರಟು ಬಟ್ಟೆಯಲ್ಲಿ ಸುತ್ತಿ ನೆಲಕ್ಕೆ ಒತ್ತಿ ಉಜ್ಜಿದೆ. ಅರ್ಧಕ್ಕಿಂತ ಜಾಸ್ತಿ ಎಸಳು ಬೆತ್ತಲಾದವು. ಅಮ್ಮ ಮೊರ ಹಿಡಿದು ಕೇರಿದರು, ಸಿಪ್ಪೆಯೆಲ್ಲ ಹಾರಿಹೋಯಿತು. ಉಳಿದ ಹಟಮಾರಿ ಎಸಳುಗಳನ್ನು ಕೂತು ಚಾಕುವಿನಿಂದ ಬಿಡಿಸಿದ್ದಾಯಿತು.

ಎರಡು ಸ್ಟೀಲ್ ಬೋಗುಣಿ ಬಾಯಿಗೆ ಬಾಯಿ ಸೇರಿಸಿ ಅಲ್ಲಾಡಿಸುವ ಉಪಾಯ ಒಣಗಿದ ಹಳೆ ಬೆಳ್ಳುಳ್ಳಿಗೆ ಚೆನ್ನ. ಹೊಸದಕ್ಕೆ ಅದು ಸುಮ್ನೆ ಕೈನೋವು.

ಪ್ರತಿ ಎಸಳಿನ ಬುಡದ ಗಟ್ಟಿ ಭಾಗವನ್ನು ಕತ್ತರಿಸಿ ತೆಗೆಯಬೇಕು. ಮಣ್ಣು ಕೂತಿರುವುದು ಅಲ್ಲೇ, ಅರೆದರೂ ಚೂರಾಗಿ ಉಳಿಯುವುದೂ ಅದೇ. ಕಪ್ಪು ಬೂಷ್ಟು ಹಿಡಿದದ್ದು, ಹಳದಿಯಾಗಿ ಮೆತ್ತಗಾದದ್ದು ಕಂಡರೆ ಎಸಳನ್ನು ಪೂರ್ತಿ ಬಿಸಾಡಿ. ಬೆರಳಿಗೆ ಮೊದಲೇ ಎಣ್ಣೆ ಸವರಿಕೊಳ್ಳಿ. ಇಷ್ಟು ಬೆಳ್ಳುಳ್ಳಿ ಮುಟ್ಟಿದರೆ ಉಗುರ ಸಂದಿ ಸಂಜೆ ತನಕ ಉರಿಯುತ್ತದೆ.

ಶುಂಠಿಗೆ ಮಾತ್ರ ನೀರು ಬೇಕೇ ಬೇಕು, ಅದು ಮಣ್ಣಲ್ಲೇ ಹುಟ್ಟಿದ್ದು. ಕೊಂಬುಗಳನ್ನು ಮುರಿದು ಬಿಡಿ ಬಿಡಿ ಮಾಡಿ, ಸಂದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದೆ. ತೊಳೆದದ್ದು ಸಿಪ್ಪೆ ಇರುವಾಗಲೇ. ಹೆರೆದ ಮೇಲೆ ತೊಳೆಯಬಾರದು. ಒರೆಸಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಹರಡಿದೆ. ಬೆಳಿಗ್ಗೆ ಮುಟ್ಟಿದರೆ ಸಿಪ್ಪೆ ಖರಖರ ಒಣಗಿತ್ತು. ಚಮಚದ ಅಂಚಿನಿಂದ ಹೆರೆದರೆ ಬರೀ ಸಿಪ್ಪೆ ಹೋಗುತ್ತದೆ. ಚಾಕುವಿನಲ್ಲಿ ಹೆರೆದರೆ ಸಿಪ್ಪೆ ಜೊತೆಗೆ ಒಳ್ಳೆಯ ಭಾಗವೂ ಹೋಗುತ್ತದೆ.

ಹೆಚ್ಚುವ ಬಗೆಯ ಮೇಲೆ ಪೇಸ್ಟಿನ ನುಣುಪು ನಿಂತಿದೆ. ಶುಂಠಿಯ ನಾರು ಕೊಂಬಿನ ಉದ್ದಕ್ಕೆ ಓಡುತ್ತದೆ. ಉದ್ದುದ್ದ ಸೀಳಿದರೆ ನಾರು ಉದ್ದವಾಗೇ ಉಳಿದು ಬ್ಲೇಡಿಗೆ ಸುತ್ತುತ್ತದೆ. ಅಡ್ಡಡ್ಡ, ತೆಳ್ಳನೆ ಬಿಲ್ಲೆ ಹೆಚ್ಚಬೇಕು, ಎರಡು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಆಗ ಮಿಕ್ಸಿಗೆ ಹೋಗುವ ಮೊದಲೇ ಪ್ರತಿ ನಾರೂ ಎರಡು ಮಿಲಿಮೀಟರ್ ಉದ್ದವೇ ಇರುತ್ತದೆ. ಅಮ್ಮ ಈಳಿಗೆ ಮಣೆ ಹಾಕಿಕೊಂಡು ಕೂತರೆ ಬಿಲ್ಲೆ ಕಾಗದದಷ್ಟು ತೆಳ್ಳಗೆ ಬೀಳುತ್ತವೆ. ನನ್ನ ಚಾಕು ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೇ ಆ ಕೆಲಸ ಅವರಿಗೇ ಬಿಟ್ಟೆ.

ಬಿಲ್ಲೆಗಳಿಗೆ ಅಷ್ಟೂ ಉಪ್ಪು ಹಾಕಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಟ್ಟೆ. ಇದೇ ಇಡೀ ಕೆಲಸದ ಕೀಲಿ. ಉಪ್ಪು ಶುಂಠಿಯೊಳಗಿನ ರಸವನ್ನು ಎಳೆದು ಹೊರಗೆ ತರುತ್ತದೆ. ಮುಚ್ಚಳ ತೆಗೆದಾಗ ಬಟ್ಟಲಿನ ತಳದಲ್ಲಿ ಹೊಂಬಣ್ಣದ ರಸ ನಿಂತಿತ್ತು. ಬ್ಲೇಡ್ ತಿರುಗುವುದಕ್ಕೆ ಬೇಕಾದ ತೇವ ಇದೇ.

ಅರೆದದ್ದು

ಎಲ್ಲವನ್ನೂ ನಾಲ್ಕು ಪಾಲು ಮಾಡಿದೆ. ಒಂದೊಂದು ಪಾಲಿಗೆ 100 ಗ್ರಾಂ ಶುಂಠಿ, 125 ಗ್ರಾಂ ಬೆಳ್ಳುಳ್ಳಿ. ಚಟ್ನಿ ಜಾರ್ ಅರ್ಧಕ್ಕಿಂತ ಮೇಲೆ ತುಂಬಬಾರದು.

ಮೊದಲು ಶುಂಠಿ, ಅದರ ರಸದ ಸಮೇತ. ಎರಡೂ ಒಟ್ಟಿಗೆ ಸುರಿದರೆ ಬೆಳ್ಳುಳ್ಳಿ ಬೇಗ ಅರೆದು ಅಂಟಾಗುತ್ತದೆ. ಆ ಅಂಟಿನಲ್ಲಿ ಶುಂಠಿ ಬಿಲ್ಲೆಗಳು ಸಿಕ್ಕಿಕೊಂಡು ಹಾಗೇ ಸುತ್ತುತ್ತವೆ, ಬ್ಲೇಡಿಗೆ ಸಿಗುವುದಿಲ್ಲ. 

ಮಿಕ್ಸಿಯನ್ನು ಒಂದೇ ಸಮನೆ ಓಡಿಸಲಿಲ್ಲ. ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬಿಡುವುದು, ತಿರುಗಿಸಿ ಬಿಡುವುದು, ಹೀಗೆ ಏಳೆಂಟು ಸಲ. ಮುಚ್ಚಳ ತೆಗೆದು ಗೋಡೆಗೆ ಹತ್ತಿದ್ದನ್ನು ಕೆಳಗೆ ಎಳೆದೆ. ಮತ್ತೆ ಅದೇ. ಮೊದಲ ಸುತ್ತಿನಲ್ಲಿ ಶುಂಠಿ ಒಣ ಒಣ ಚೂರಿನಂತೆ ಕಂಡಿತು. ಅಮ್ಮನಿಗೆ ತಡೆಯಲಾಗಲಿಲ್ಲ.

"ಒಂಚೂರು ನೀರು ಹಾಕೋ. ಹಂಗೆ ತಿರುಗಲ್ಲ ಅದು, ಮೋಟಾರ್ ಸುಟ್ಟೋಗುತ್ತೆ."

"ಇಲ್ಲಮ್ಮ, ತಡಿ. ಇನ್ನೊಂದ್ಸಲ ಕೆದಕಿ ನೋಡ್ತೀನಿ."

ಎರಡನೇ ಸಲ ಕೆದಕಿ ತಿರುಗಿಸಿದಾಗ ಶಬ್ದ ಬದಲಾಯಿತು. ಚೂರುಗಳ ಕಟಕಟ ಹೋಗಿ ಒಂದೇ ಸಮನೆ ಗುಂಯ್ ಅನ್ನಲು ಶುರುವಾಯಿತು. ರಸ ಬಿಟ್ಟಿದೆ ಅನ್ನುವುದಕ್ಕೆ ಇದೇ ಗುರುತು. ಈಗ ಬೆಳ್ಳುಳ್ಳಿ ಹಾಕಿ ಮತ್ತೆ ಬಿಟ್ಟು ಬಿಟ್ಟು ತಿರುಗಿಸಿದೆ. ಕೊನೆಗೆ ಎಣ್ಣೆ, ಅರಿಶಿನ. ಎಣ್ಣೆಯನ್ನು ಮೊದಲೇ ಹಾಕಿದರೆ ಬಿಲ್ಲೆಗಳು ಜಾರುತ್ತವೆ, ಬ್ಲೇಡಿಗೆ ಹಿಡಿತ ಸಿಗುವುದಿಲ್ಲ. ಎಣ್ಣೆ ಬಿದ್ದ ಮೇಲೆ ಅರ್ಧ ನಿಮಿಷ ಒಂದೇ ಸಮನೆ ಓಡಿಸಿದೆ. ಇಡ್ಲಿ ಹಿಟ್ಟಿನ ಹದಕ್ಕೆ ಬಂತು. ಚಮಚ ನೆಟ್ಟರೆ ನಿಧಾನಕ್ಕೆ ವಾಲುತ್ತದೆ.

ಪ್ರತಿ ಪಾಲು ಮುಗಿದ ಮೇಲೆ ಮಿಕ್ಸಿಗೆ ಐದು ನಿಮಿಷ ಬಿಡುವು ಕೊಟ್ಟೆ. ಜಾರಿನ ತಳಕ್ಕೆ ಕೈ ಇಟ್ಟು ನೋಡುತ್ತಾ ಇರಿ. ಬಿಸಿಯಾಗುತ್ತಿದ್ದರೆ ನಿಲ್ಲಿಸಿ. ನಡುವೆ ಮಿಕ್ಸಿ ತಾನಾಗೇ ನಿಂತರೆ ಗಾಬರಿ ಬೇಡ. ಭಾರ ಜಾಸ್ತಿಯಾದಾಗ ಮೋಟಾರನ್ನು ಉಳಿಸಲು ಅಡಿಯಲ್ಲೊಂದು ಪುಟ್ಟ ಗುಂಡಿ ಇರುತ್ತದೆ, ಅದು ಹೊರಗೆ ಬಂದಿರುತ್ತದೆ. ಪ್ಲಗ್ ತೆಗೆದು, ಆರಲು ಬಿಟ್ಟು, ಆ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಆದರೆ ಅದೇ ಭಾರವನ್ನು ಮತ್ತೆ ಹೇರಬೇಡಿ, ಅರ್ಧ ತೆಗೆದು ಓಡಿಸಿ.

ನಾಲ್ಕೂ ಪಾಲು ಸೇರಿಸಿ ಕಲಸಿದಾಗ 950 ಗ್ರಾಂ ಪೇಸ್ಟ್ ಸಿಕ್ಕಿತು. ಜಾರಿನ ಗೋಡೆಗೆ ಅಂಟಿ ಉಳಿದದ್ದನ್ನು ಮಾತ್ರ ನೀರು ಹಾಕಿ ತೊಳೆದು ಅವತ್ತಿನ ಸಾರಿಗೆ ಸುರಿದೆವು.

ಹಸಿರಾದರೆ

ಪೇಸ್ಟ್ ಮಾಡಿಟ್ಟ ಮಾರನೇ ದಿನ ಹಸಿರೋ ನೀಲಿಯೋ ಆಯಿತು, ವಿಷವಾಯಿತು ಅಂತ ಚೆಲ್ಲುವವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಆ ಬಣ್ಣದಿಂದ ಏನೂ ಆಗುವುದಿಲ್ಲ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಅದರೊಳಗೆ ಬೇರೆ ಬೇರೆ ಕೋಣೆಗಳಲ್ಲಿದ್ದ ಕಿಣ್ವವೂ ಗಂಧಕದ ಪದಾರ್ಥಗಳೂ ಕೂಡಿಕೊಳ್ಳುತ್ತವೆ. ಬೆಳ್ಳುಳ್ಳಿಯ ಘಾಟು ಹುಟ್ಟುವುದೇ ಹಾಗೆ. ಅರೆಯದ ಎಸಳಿಗೆ ಅಷ್ಟು ವಾಸನೆ ಇಲ್ಲದ್ದು ಇದೇ ಕಾರಣಕ್ಕೆ. ಆ ಗಂಧಕದ ಪದಾರ್ಥಗಳಲ್ಲಿ ಒಂದು ಮುಂದೆ ಅಮೈನೋ ಆಮ್ಲಗಳ ಜೊತೆ ಸೇರಿ ಹಸಿರು, ನೀಲಿ ಬಣ್ಣ ಕಟ್ಟುತ್ತದೆ. ಬೆಳ್ಳುಳ್ಳಿ ತಣ್ಣಗಿನ ಜಾಗದಲ್ಲಿ ತಿಂಗಳುಗಟ್ಟಲೆ ಕೂತಷ್ಟೂ ಆ ಪದಾರ್ಥ ಅದರಲ್ಲಿ ಹೆಚ್ಚುತ್ತದೆ. ಹುಳಿ ತಾಗಿದರೆ ಬಣ್ಣ ಇನ್ನೂ ಬೇಗ ಏರುತ್ತದೆ.

ಉತ್ತರ ಚೀನಾದಲ್ಲಿ ಚಳಿಗಾಲದ ಲಾಬಾ ಹಬ್ಬದ ಹೊತ್ತಿಗೆ ಎಸಳುಗಳನ್ನು ವಿನೆಗರಿನಲ್ಲಿ ಹಾಕಿ ಬೇಕೆಂದೇ ಪಚ್ಚೆ ಬಣ್ಣ ಬರಿಸುತ್ತಾರೆ. ಅವರಿಗೆ ಬಣ್ಣ ಬಂದರೇ ಖುಷಿ.

ಹೊಸ ಬೆಳ್ಳುಳ್ಳಿಯ ಲಾಭ ಅಂತ ಆಗ ಹೇಳಿದ್ದು ಇದನ್ನೇ. ಈಗಷ್ಟೇ ಬಂದ ಬೆಳೆಯಲ್ಲಿ ಆ ಪದಾರ್ಥ ಕಡಿಮೆ. ನಮ್ಮ ಪೇಸ್ಟ್ ತಿಳಿ ಹಳದಿಯಾಗೇ ಉಳಿಯಿತು. ವರ್ಷದ ಕೊನೆಗೆ ಹಳೆಯ ದಾಸ್ತಾನಿನ ಬೆಳ್ಳುಳ್ಳಿಯಲ್ಲಿ ಮಾಡುವವರು ಬೆಳ್ಳುಳ್ಳಿಯನ್ನು ಫ್ರಿಜ್ಜಿನಿಂದ ದೂರ ಇಡಲಿ, ಪೇಸ್ಟಿಗೆ ನಿಂಬೆ ವಿನೆಗರ್ ಬೆರೆಸದಿರಲಿ, ಅರೆದ ಕೂಡಲೇ ಫ್ರೀಜರಿಗೆ ಹಾಕಲಿ. ಅರಿಶಿನ ಹಾಕಿದರೆ ಇದ್ದಬದ್ದ ಹಸಿರೂ ಕಣ್ಣಿಗೆ ಅಷ್ಟು ಬೀಳುವುದಿಲ್ಲ.

ಆದರೆ ಬೂಷ್ಟಿನ ಹಸಿರು ಬೇರೆ. ಅದು ಮೇಲ್ಗಡೆ ಅಲ್ಲಲ್ಲಿ ಹತ್ತಿಯ ಹಾಗೆ ಕೂರುತ್ತದೆ. ಅದು ಕಂಡರೆ ಇಡೀ ಡಬ್ಬಿ ಚೆಲ್ಲಿ.

ಇಡುವುದು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪೇಸ್ಟಿನ ಮೇಲೆ ಎರಡು ಬೆರಳು ಎಣ್ಣೆ ನಿಲ್ಲಿಸಿ ಶೆಲ್ಫಿನ ಮೇಲೆ ಇಡುತ್ತಾರೆ. ಎಣ್ಣೆ ಇದ್ದರೆ ಕೆಡುವುದಿಲ್ಲ ಅನ್ನುವ ನಂಬಿಕೆ. ಉಪ್ಪಿನಕಾಯಿಗೆ ಅದು ಸರಿ, ಅಲ್ಲಿ ಹುಳಿ ಇದೆ, ಉಪ್ಪು ಹೇರಳವಾಗಿದೆ. ಇಲ್ಲಿ ಎರಡೂ ಇಲ್ಲ. ಬೆಳ್ಳುಳ್ಳಿ ಶುಂಠಿ ಬೆಳೆಯುವುದು ಮಣ್ಣಲ್ಲಿ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುವುದೂ ಮಣ್ಣಲ್ಲೇ. ಗಾಳಿ ಇಲ್ಲದ, ಹುಳಿ ಕಡಿಮೆ ಇರುವ, ಬೆಚ್ಚಗಿನ ಜಾಗ ಸಿಕ್ಕರೆ ಅದು ಬೆಳೆದು ವಿಷ ಬಿಡುತ್ತದೆ. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆದು ಅಂಥ ಜಾಗವನ್ನೇ ಮಾಡಿಕೊಡುತ್ತದೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಅದು ನರಗಳಿಗೆ ಹೊಡೆಯುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ರೆಸ್ಟೋರೆಂಟಿನಲ್ಲಿ ಫ್ರಿಜ್ಜಿಗೆ ಹಾಕದೆ ಇಟ್ಟಿದ್ದ, ಎಣ್ಣೆಯಲ್ಲಿ ಮುಳುಗಿದ್ದ ಬೆಳ್ಳುಳ್ಳಿ ತಿಂದು 36 ಜನ ಈ ಕಾಯಿಲೆಗೆ ಬಿದ್ದರು.

ಅಂಗಡಿಯ ಪೊಟ್ಟಣದ ಪೇಸ್ಟಿನಲ್ಲಿ ಆಮ್ಲ ಸೇರಿಸಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ಕ್ಕಿಂತ ಕೆಳಗೆ ಇಳಿಸಿರುತ್ತಾರೆ. ಅಷ್ಟು ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮನೆಯಲ್ಲಿ ಒಂದು ಚಮಚ ವಿನೆಗರ್ ಹಾಕಿ ಅಷ್ಟು ಇಳಿಯಿತು ಅಂದುಕೊಳ್ಳುವ ಹಾಗಿಲ್ಲ. ಅಳೆಯುವುದು ಹೇಗೆ? ಹಾಕಬೇಕಾದಷ್ಟು ಹಾಕಿದರೆ ಮಟನ್ ಸಾರು ಹುಳಿ ಸಾರಾಗುತ್ತದೆ. ನಾವು ಹಾಕಿದ 25 ಗ್ರಾಂ ಉಪ್ಪು ರಸ ಬಿಡಿಸುವುದಕ್ಕೆ ಮಾತ್ರ, ಕೆಡದಂತೆ ಕಾಯುವುದಕ್ಕೆ ಅದು ಏನೇನೂ ಸಾಲದು. ಆದ್ದರಿಂದ ನನ್ನ ಕ್ರಮ ಸರಳ. ಮೂರು ನಾಲ್ಕು ದಿನಕ್ಕೆ ಆಗುವಷ್ಟು ಮಾತ್ರ ಪುಟ್ಟ ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನ ಹಿಂಬದಿಯಲ್ಲಿ, ಬಾಗಿಲಿನಲ್ಲಂತೂ ಅಲ್ಲವೇ ಅಲ್ಲ. ಉಳಿದದ್ದೆಲ್ಲ ಅರೆದ ಗಂಟೆಯೊಳಗೆ ಫ್ರೀಜರಿಗೆ.

ಐಸ್ ಟ್ರೇ ನನಗೆ ಹಿಡಿಸುವುದಿಲ್ಲ. ಟ್ರೇಗೆ ವಾಸನೆ ಹತ್ತಿದರೆ ಜನ್ಮದಲ್ಲಿ ಬಿಡುವುದಿಲ್ಲ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಪೇಸ್ಟ್ ಹಾಕಿ, ಗಾಳಿ ಹೊರಗೆ ಒತ್ತಿ, ಚಪಾತಿ ಲಟ್ಟಣಿಗೆಯಿಂದ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿದೆ. ಕವರಿನ ಮೇಲಿಂದಲೇ ಸ್ಕೇಲಿನ ಅಂಚು ಒತ್ತಿ ನಾಲ್ಕು ಸೆಂಟಿಮೀಟರಿನ ಚೌಕಗಳ ಗೆರೆ ಮೂಡಿಸಿದೆ. ತಟ್ಟೆಯ ಮೇಲೆ ಮಲಗಿಸಿ ಫ್ರೀಜರಿಗಿಟ್ಟರೆ ಸಂಜೆಗೆ ಗಟ್ಟಿ. ಗೆರೆಯ ಮೇಲೆ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಎರಡು ಚೌಕ ಅಂದರೆ ಸುಮಾರು ಒಂದು ದೊಡ್ಡ ಚಮಚ. ನೀರಿಲ್ಲದ ಪೇಸ್ಟ್ ಆದ್ದರಿಂದ ಮುರಿದ ಅಂಚಿನಲ್ಲಿ ಹರಳು ಕಾಣುವುದಿಲ್ಲ. ಕವರುಗಳನ್ನು ಮತ್ತೆ ಸ್ಟೀಲ್ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದೆ. ಹಾಗೆ ಮಾಡದಿದ್ದರೆ ಪಕ್ಕದಲ್ಲಿರುವ ಐಸ್‌ಕ್ರೀಮಿಗೆಲ್ಲ ಬೆಳ್ಳುಳ್ಳಿ ಪರಿಮಳ. ಕವರಿನ ಮೇಲೆ ತಾರೀಖು ಬರೆದಿದ್ದೇನೆ. ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಫ್ರೀಜರ್ ಆದರೆ ಒಂದು ತಿಂಗಳೊಳಗೆ ಮುಗಿಸಿ. ಅದು ಅಷ್ಟು ತಣ್ಣಗಿರುವುದಿಲ್ಲ. ಕರೆಂಟ್ ಹೋಗಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಗಟ್ಟಿ ಮಾಡಲು ಹೋಗಬೇಡಿ.

ಬಾಣಲೆಯಲ್ಲಿ

ಹೊಸತೊಡಕಿನ ದಿನ ಒಂದು ಕಿಲೋ ಮಟನ್ನಿಗೆ ಆರು ಚೌಕ ಹಾಕಿದೆವು. ಈರುಳ್ಳಿ ಕೆಂಪಾದ ಮೇಲೆ ಉರಿ ಸಣ್ಣ ಮಾಡಿ, ಕರಗಿಸದೆ ನೇರ ಎಣ್ಣೆಗೆ. ಸಿಡಿಯಲಿಲ್ಲ. ಎರಡು ಮೂರು ನಿಮಿಷಕ್ಕೆ ಹಸಿ ವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಿತು. ಅಮ್ಮ ಬಗ್ಗಿ ನೋಡಿ, "ಪರವಾಗಿಲ್ಲ ಕಣೋ, ಕಲ್ಲಲ್ಲಿ ಅರೆದಂಗೇ ಐತೆ" ಅಂದರು. ಒರಳಲ್ಲಿ ಮಸಾಲೆ ಅರೆದ ಕೈ ಅದು, ಆ ಮಾತು ನನಗೆ ದೊಡ್ಡದು.

ಗಟ್ಟಿ ಪೇಸ್ಟ್ ತಳ ಹಿಡಿಯುವುದು ಬೇಗ. ಬೆಳ್ಳುಳ್ಳಿಯ ಸಿಹಿ ಕೆಂಪಾಗುವುದಕ್ಕೂ ಕರಕಲಾಗುವುದಕ್ಕೂ ನಡುವೆ ಜಾಸ್ತಿ ಹೊತ್ತಿಲ್ಲ. ಕೈ ಬಿಡದೆ ಆಡಿಸುತ್ತಾ ಇದ್ದು, ಹಿಡಿಯಿತು ಅನಿಸಿದ ಕೂಡಲೇ ಒಂದು ಚಮಚ ನೀರು ಚಿಮುಕಿಸಿ ಕೆರೆದುಕೊಳ್ಳಿ. ಬಾಣಲೆಯಲ್ಲಿ ನೀರು ಹಾಕುವುದಕ್ಕೆ ನನ್ನ ತಕರಾರಿಲ್ಲ. ಪೇಸ್ಟಿನಲ್ಲಿ ಉಪ್ಪಿರುವುದರಿಂದ ಸಾರಿಗೆ ಉಪ್ಪು ಸ್ವಲ್ಪ ಹಿಡಿದು ಹಾಕಿ.

ಬಲಿತ ಮಾಂಸ ಇದ್ದರೆ ಇನ್ನೊಂದು ಮಾತು. ಹಸಿ ಶುಂಠಿಯಲ್ಲಿ ಮಾಂಸವನ್ನು ಮೆದು ಮಾಡುವ ಒಂದು ಕಿಣ್ವ ಇದೆ. ಅರೆದಿಟ್ಟಷ್ಟೂ ಅದರ ಬಲ ಕುಂದುತ್ತದೆ. ಹಾಗಾಗಿ ಮಟನ್ ಕಲಸಿಡುವಾಗ ಪೇಸ್ಟಿನ ಜೊತೆಗೆ ಆಗಷ್ಟೇ ಜಜ್ಜಿದ ಬೆರಳುದ್ದ ಹಸಿ ಶುಂಠಿಯನ್ನೂ ಸೇರಿಸಿ, ಒಂದು ಗಂಟೆ ಬಿಡಿ. ರಾತ್ರಿಯಿಡೀ ಬಿಟ್ಟರೆ ಮೇಲ್ಭಾಗ ಹಿಟ್ಟು ಹಿಟ್ಟಾಗುತ್ತದೆ.

ಜಾರಿನ ವಾಸನೆ ಹೋಗಬೇಕಾದರೆ ಒಂದು ಹಿಡಿ ಅಕ್ಕಿ ಹಾಕಿ ಒಣದಾಗಿ ಪುಡಿ ಮಾಡಿ, ಆಮೇಲೆ ಕಡಲೆಹಿಟ್ಟು ಹಚ್ಚಿ ತೊಳೆದು ಬಿಸಿಲಿಗೆ ಮಗುಚಿಡಿ. ಮುಚ್ಚಳದ ರಬ್ಬರ್ ವಾಷರಿಗೆ ಇದು ಸಾಲುವುದಿಲ್ಲ, ಅದು ವಾಸನೆ ಹೀರಿಕೊಂಡು ಕೂತಿರುತ್ತದೆ. ಚಟ್ನಿ ಜಾರಿಗೆ ಇನ್ನೊಂದು ವಾಷರ್ ತಂದು ಪೇಸ್ಟಿಗೆ ಅಂತಲೇ ಬೇರೆ ಇಟ್ಟುಕೊಂಡಿದ್ದೇನೆ. ಮುಂದಿನ ಸಲ ಶ್ರಾವಣ ಕಳೆದು ಎಳೆ ಶುಂಠಿ ಬಂದಾಗ ಸಮ ಸಮ ಹಾಕಿ ತರಕಾರಿ ಪಲಾವಿಗೆ ಒಂದು ಚಿಕ್ಕ ಪಾಲು ಮಾಡಬೇಕು ಅಂತಿದೆ. ರಸ ಹೆಚ್ಚಿರುವ ಶುಂಠಿಗೆ ಉಪ್ಪು ಹಾಕಿ ಇಪ್ಪತ್ತು ನಿಮಿಷ ಇಡುವ ಅಗತ್ಯ ಇರಲಾರದು, ಹತ್ತೇ ಸಾಕಾಗಬಹುದು.